ವಿಡಿಯೋ ಎಡಿಟಿಂಗ್‌ಗೆ ಎರಡು ಮಾನಿಟರ್: ಯಾವುದನ್ನು ಕೊಳ್ಳಬೇಕು, ಹೇಗೆ ಇಡಬೇಕು?

ಎರಡೂ ಒಂದೇ ಮಾಡೆಲ್ ಆಗಬೇಕೆಂದೇನಿಲ್ಲ. ದುಡ್ಡನ್ನು ಒಂದರ ಮೇಲೆ ಹಾಕಿ: 27 ಇಂಚು, 4ಕೆ, ಐಪಿಎಸ್ ಪ್ಯಾನೆಲ್ (ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆಯ ಪರದೆ), ಎಚ್‌ಡಿ ವಿಡಿಯೋದ ಬಣ್ಣದ ಮಾನದಂಡವಾದ ರೆಕ್ 709ರ ಬಣ್ಣಗಳನ್ನು ಪೂರ್ತಿ ತೋರಿಸುವಂಥದ್ದು. ಬಿನ್ (ಕ್ಲಿಪ್‌ಗಳನ್ನಿಡುವ ಫೋಲ್ಡರ್), ಸ್ಕೋಪ್ (ಬೆಳಕು, ಬಣ್ಣ ಅಳೆದು ತೋರಿಸುವ ಗ್ರಾಫ್) ತೆರೆದಿಡುವ ಇನ್ನೊಂದಕ್ಕೆ ಹಳೆಯ 24 ಇಂಚಿನ ಫುಲ್ ಎಚ್‌ಡಿ ಧಾರಾಳ ಸಾಕು. ಅಗ್ಗವೆಂದು ವಿಎ ಪ್ಯಾನೆಲಿನ ಗೇಮಿಂಗ್ ಮಾನಿಟರ್ ತರಬೇಡಿ. ಸ್ವಲ್ಪ ಓರೆಯಿಂದ ನೋಡಿದರೂ ನೆರಳಿನ ಭಾಗ ತಿಳಿಯಾಗಿ ಕಾಣುತ್ತದೆ, ನೀವು ಅದನ್ನು ಸುಮ್ಮನೆ ಇನ್ನಷ್ಟು ಕಪ್ಪಾಗಿಸುತ್ತೀರಿ.

ಮುಖ್ಯ ಮಾನಿಟರ್ ನೇರ ಎದುರಿಗೆ, ಕೈಚಾಚುವಷ್ಟು ದೂರದಲ್ಲಿ, ಮೇಲಂಚು ಕಣ್ಣಿನ ಮಟ್ಟಕ್ಕಿರಲಿ. ಇನ್ನೊಂದು ಪಕ್ಕದಲ್ಲಿ, ಸುಮಾರು 30 ಡಿಗ್ರಿ ಒಳಕ್ಕೆ ತಿರುಗಿರಲಿ. ಎರಡರ ನಡುವಿನ ಅಂಚು ಮೂಗಿನ ನೇರಕ್ಕೆ ಬಂದರೆ ಸಂಜೆಗೆ ಕುತ್ತಿಗೆ ಹಿಡಿಯುವುದು ಖಂಡಿತ. ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕಿರಲಿ.

4ಕೆ ಪರದೆಯಲ್ಲಿ ಮೌಸ್ ಎಳೆದಂತೆ ಚಲಿಸಿದರೆ ಹೆಚ್ಚಾಗಿ ಎಚ್‌ಡಿಎಂಐ 1.4 ಕಾರಣ, ಅದು 4ಕೆಗೆ 30 ಹರ್ಟ್ಸ್ ಮಾತ್ರ ಕೊಡುತ್ತದೆ. ಡಿಸ್‌ಪ್ಲೇಪೋರ್ಟ್ 1.2 ಬಳಸಿ, ಕೇಬಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ.

ಬಣ್ಣ ತಿದ್ದುವುದು ಮುಖ್ಯ ಪರದೆಯಲ್ಲಷ್ಟೇ. ಮಂದ ಬೆಳಕಿನ ಕೋಣೆಯಲ್ಲಿ ಬಿಳಿಯ ಬಣ್ಣತಾಪ 6500 ಕೆಲ್ವಿನ್, ಪರದೆಯ ಪ್ರಖರತೆ 100 ನಿಟ್ಸ್, ಗಾಮಾ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಏರುವ ರೀತಿ) 2.4 ಇಟ್ಟುಕೊಳ್ಳಿ. ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆದು ಸರಿಪಡಿಸಲು ನೆರವಾಗುವ ಸಾಧನ) ಹಚ್ಚುವ ಮೊದಲು ಮಾನಿಟರ್ ಅರ್ಧ ಗಂಟೆ ಉರಿದಿರಬೇಕು.