ನಿಯಮ ಗೊತ್ತಿದ್ದವರೇ ಎಡವುವ ಜಾಗ

ಪ್ರಿಯರೇ,

‘ಇಂಗ್ಲಿಷ್ ಕ್ರಿಯಾಪದ: ಏಕವಚನ, ಬಹುವಚನ’ ಎಂಬ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಪಕ್ಕಕ್ಕೆ ಎತ್ತಿಡಲೂ ಮನಸ್ಸು ಬರಲಿಲ್ಲ. ಮೂರನೆಯ ಪುಟದಲ್ಲಿ ಒಂದು ಸಾಲು ಇದೆ, ಅದೊಂದಕ್ಕಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಮುಜುಗರದ ಸಂಗತಿ ಮುಗಿಸಿಬಿಡೋಣ. ನಿಮ್ಮ ಮೊದಲ ವಾಕ್ಯ ಹೀಗಿದೆ: ‘ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬಳಸುವ ನಿಯಮಗಳು ಬಹಳ ಸುಲಭವಾಗಿದೆ.’ ನಿಯಮಗಳು ಸುಲಭವಾಗಿವೆ, ಸ್ವಾಮಿ. ವಚನ ಹೊಂದಬೇಕು ಎಂದು ಹೇಳಹೊರಟ ವಾಕ್ಯದಲ್ಲೇ ವಚನ ತಪ್ಪಿದೆ. ಮಾತಿನಲ್ಲಿ ನಾವೆಲ್ಲ ‘ನಾಲ್ಕು ಪುಸ್ತಕ ಇದೆ’ ಎನ್ನುತ್ತೇವೆ, ಯಾರೂ ಹುಬ್ಬೇರಿಸುವುದಿಲ್ಲ. ಅಚ್ಚಿನಲ್ಲಿ ‘ನಿಯಮಗಳು ಸುಲಭವಾಗಿದೆ’ ನಡೆಯದು. ಚುಚ್ಚಬೇಕೆಂದು ಇದನ್ನು ಎತ್ತಿಲ್ಲ. ನಿಮಗೆ ಈ ನಿಯಮ ಗೊತ್ತಿಲ್ಲದೆ ಏನಿಲ್ಲ. ಗೊತ್ತಿದ್ದೂ ಕೈ ತಪ್ಪಿದೆ. ಹಾಗೇಕೆ ಆಗುತ್ತದೆ ಎಂಬುದೇ ನಿಮ್ಮ ಲೇಖನದಲ್ಲಿ ಇಲ್ಲ.

ನೀವು ಕಳುಹಿಸಿರುವುದು ಪಟ್ಟಿ. ಹಿ, ಶಿ, ಇಟ್ ಬಂದರೆ ಗೋಸ್, ಡಸ್, ಹ್ಯಾಸ್, ಈಸ್. ವಿ, ದೇ ಬಂದರೆ ಗೋ, ಡೂ, ಹ್ಯಾವ್, ಆರ್. ಸರಿಯಾಗಿಯೇ ಇದೆ. ಯಾವ ವ್ಯಾಕರಣ ಪುಸ್ತಕ ತೆರೆದರೂ ಇದೇ ಇರುತ್ತದೆ. ಆದರೆ ನಿಮ್ಮ ಓದುಗ ಯಾರೆಂದು ಯೋಚಿಸಿ. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ, ಹೋಗುತ್ತದೆ, ಹೋಗುತ್ತವೆ ಎಂದು ಒಂಬತ್ತು ರೂಪಗಳನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನು ಅವನು. ಇಂಗ್ಲಿಷಿನ ವರ್ತಮಾನದಲ್ಲಿ ಗೋ, ಗೋಸ್ ಎಂದು ಇರುವುದು ಎರಡೇ. ಒಂಬತ್ತನ್ನು ನಿಭಾಯಿಸುವವನು ಎರಡರಲ್ಲಿ ಎಡವುತ್ತಾನೆಂದರೆ ಕಾರಣ ಬೇರೆಲ್ಲೋ ಇರಬೇಕಲ್ಲವೇ? ಕನ್ನಡದಲ್ಲಿ ‘ಹೋಗುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ಕ್ರಿಯಾಪದದ ಬಾಲವೇ ಆಳನ್ನು ತೋರಿಸುತ್ತದೆ. ಇಂಗ್ಲಿಷಿನ ಎಸ್‌ಗೆ ಅಂಥ ಜವಾಬ್ದಾರಿ ಇಲ್ಲ. ‘ಹಿ ಗೋ’ ಎಂದರೂ ಕೇಳಿದವನಿಗೆ ಅರ್ಥವಾಗುತ್ತದೆ. ಕೆಲಸವಿಲ್ಲದ ಅಕ್ಷರವನ್ನು ನಾಲಿಗೆ ನುಂಗಿಬಿಡುತ್ತದೆ.

ಇನ್ನು ಆ ಮೂರನೆಯ ಪುಟದ ಸಾಲು. ‘ಅಪ್ಪ ಹೇಳುತ್ತಾರೆ ಎಂಬುದನ್ನು ಮೈ ಫಾದರ್ ಸೇ ಎಂದು ಬರೆದು ತರಗತಿಯಲ್ಲಿ ಬೈಸಿಕೊಂಡಿದ್ದೆ’ ಎಂದು ಬರೆದು, ನಾಚಿಕೊಂಡವರಂತೆ ಮುಂದಿನ ನಿಯಮಕ್ಕೆ ಓಡಿದ್ದೀರಿ. ಏಕೆ ಓಡಿದಿರಿ? ಇಡೀ ಲೇಖನದಲ್ಲಿ ಬೇರೆ ಯಾರೂ ಬರೆಯಲಾಗದ ಸಾಲು ಅದೊಂದೇ. ಅಪ್ಪ ಒಬ್ಬರೇ ಆದರೂ ನಮ್ಮಲ್ಲಿ ಹೇಳುತ್ತಾರೆ. ಗುರುಗಳು ಬರುತ್ತಾರೆ, ಡಾಕ್ಟರು ನೋಡುತ್ತಾರೆ. ಗೌರವಕ್ಕೆ ನಾವು ಬಹುವಚನ ತೊಡಿಸುತ್ತೇವೆ. ಇಂಗ್ಲಿಷ್ ಕ್ರಿಯಾಪದಕ್ಕೆ ಗೌರವ ಗೊತ್ತಿಲ್ಲ, ಅದಕ್ಕೆ ತಲೆಯೆಣಿಕೆ ಮಾತ್ರ ಗೊತ್ತು: ಮೈ ಫಾದರ್ ಸೇಸ್. ಅಂದು ನೀವು ಎಸ್ ಬಿಟ್ಟದ್ದಕ್ಕೆ ಅಪ್ಪನ ಮೇಲಿನ ಮರ್ಯಾದೆಯೂ ಒಂದು ಕಾರಣವಾಗಿರಬಹುದು.

ಇದೇ ಎಳೆ ಹಿಡಿದಿದ್ದರೆ ಇನ್ನೊಂದು ಗಂಟೂ ಬಿಚ್ಚುತ್ತಿತ್ತು. ‘ಯೂ ಒಬ್ಬನನ್ನೇ ಸೂಚಿಸಿದರೂ ಆರ್ ಬರುತ್ತದೆ, ಇದು ಅಪವಾದ, ಬಾಯಿಪಾಠ ಮಾಡಿ’ ಎಂದಿದ್ದೀರಿ. ಬಾಯಿಪಾಠ ಏಕೆ? ಯೂ ಮೂಲದಲ್ಲಿ ಬಹುವಚನ. ಒಬ್ಬನಿಗೆ ದೌ ಎಂಬ ಬೇರೆ ಪದವಿತ್ತು. ಮರ್ಯಾದೆಗೆಂದು ಒಬ್ಬರಿಗೂ ಯೂ ಎನ್ನುತ್ತಾ ಹೋಗಿ ದೌ ಬಳಕೆಯಿಂದಲೇ ಬಿದ್ದುಹೋಯಿತು. ಆರ್ ಮಾತ್ರ ಹಳೆಯ ಬಹುವಚನದ ಗುರುತಾಗಿ ಉಳಿಯಿತು. ಒಬ್ಬರಿಗೇ ‘ನೀವು ಇದ್ದೀರಿ’ ಎನ್ನುವ ಕನ್ನಡಿಗನಿಗೆ ಇದನ್ನು ಅಪವಾದ ಎಂದು ಹೇಳಿಕೊಡಬೇಕೇ? ‘ಎವ್ರಿವನ್ ಹ್ಯಾವ್ ಕಮ್’ ಎಂಬ ತಪ್ಪನ್ನೂ ಇಲ್ಲಿಗೇ ತನ್ನಿ. ‘ಪ್ರತಿಯೊಬ್ಬರೂ ಬಂದಿದ್ದಾರೆ’ ಎಂಬುದರ ‘ರು’ ನಮ್ಮ ಕಿವಿಯಲ್ಲಿ ಕುಳಿತಿರುತ್ತದೆ. ಇಂಗ್ಲಿಷಿನ ಎವ್ರಿವನ್ ಒಬ್ಬನೇ, ಅವನಿಗೆ ಹ್ಯಾಸ್.

‘ದೂರದ ಕರ್ತೃ’ ಎಂಬ ಭಾಗಕ್ಕೆ ಎರಡೇ ಸಾಲು ಕೊಟ್ಟಿದ್ದೀರಿ. ಒಂದು ಪುಟ ಕೊಡಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಲೇಖಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ: ‘ದಿ ಕ್ವಾಲಿಟಿ ಆಫ್ ಯುವರ್ ಆರ್ಟಿಕಲ್ಸ್ ಆರ್ ಪೂರ್.’ ಅವರು ಆರ್ ಸುತ್ತ ಕೆಂಪು ಶಾಯಿಯಲ್ಲಿ ಒಂದು ವೃತ್ತ ಎಳೆದು, ಬೇರೇನೂ ಬರೆಯದೆ, ಅದೇ ಪತ್ರವನ್ನು ವಾಪಸು ಕಳುಹಿಸಿದರು. ಕ್ವಾಲಿಟಿ ಒಂದೇ, ಈಸ್ ಆಗಬೇಕಿತ್ತು. ನಿಯಮ ನನಗೆ ಗೊತ್ತಿತ್ತು. ಆದರೆ ಅದೇ ಮಾತು ಕನ್ನಡದಲ್ಲಿ ಹೇಗಿರುತ್ತದೆ ನೋಡಿ: ‘ನಿಮ್ಮ ಲೇಖನಗಳ ಗುಣಮಟ್ಟ ಕಳಪೆಯಾಗಿದೆ.’ ಲೇಖನಗಳು ಮೊದಲೇ ಬಂದು ಹಿಂದೆ ಸರಿದವು. ಮುಖ್ಯ ಪದವಾದ ಗುಣಮಟ್ಟ ಕ್ರಿಯಾಪದದ ಕಡೆಗೇ ಬಂದು ನಿಂತಿತು. ತಪ್ಪಲು ಆಸ್ಪದವೇ ಕಡಿಮೆ. ಇಂಗ್ಲಿಷಿನಲ್ಲಿ ಸಾಲು ತಿರುವುಮುರುವು. ಯಜಮಾನ ಮುಂದೆ ಹೋಗಿಬಿಡುತ್ತಾನೆ, ಆಫ್‌ನ ಬಾಲ ಹಿಡಿದು ಬಂದ ಆರ್ಟಿಕಲ್ಸ್ ಕ್ರಿಯಾಪದದ ಪಕ್ಕ ಕುಳಿತಿರುತ್ತದೆ. ಪಕ್ಕದಲ್ಲಿ ಕುಳಿತವನನ್ನೇ ಯಜಮಾನನೆಂದು ನಂಬುವುದು ನಮ್ಮ ಅಭ್ಯಾಸ. ಇಂಗ್ಲಿಷನ್ನೇ ಹುಟ್ಟಿನಿಂದ ಆಡುವವರೂ ಇಲ್ಲಿ ಜಾರುತ್ತಾರೆ ಎಂಬುದು ನನಗೆ ಆಮೇಲೆ ಸಿಕ್ಕ ಸಮಾಧಾನ. ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಕನ್ನಡಕ್ಕೆ ತಿರುಗಿಸಿ, ಕ್ರಿಯಾಪದಕ್ಕೆ ಯಾವ ಪದ ಹತ್ತಿರವಾಗುತ್ತದೆ ಎಂದು ನೋಡಿದರೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ. ನಾನು ಈಗಲೂ ಹಾಗೆಯೇ ಮಾಡುತ್ತೇನೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ‘ನಾಮಪದಕ್ಕೆ ಎಸ್ ಇದ್ದರೆ ಕ್ರಿಯಾಪದಕ್ಕೆ ಇರದು’ ಎಂಬುದನ್ನು ಸೂತ್ರವೆಂದು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಬಾಯ್ ರನ್ಸ್, ಬಾಯ್ಸ್ ರನ್ ಎನ್ನುವವರೆಗೆ ಚೆನ್ನ. ದಿ ಬಸ್ ರನ್ಸ್ ಎಂದಾಗ ಎರಡೂ ಕಡೆ ಎಸ್, ಚಿಲ್ಡ್ರನ್ ರನ್ ಎಂದಾಗ ಎರಡೂ ಕಡೆ ಇಲ್ಲ. ದಪ್ಪಕ್ಷರ ತೆಗೆಯಿರಿ. ‘ದಿ ಪೊಲೀಸ್ ಈಸ್’ ಎಂದು ಉದಾಹರಣೆ ಕೊಟ್ಟಿರುವುದು ತಪ್ಪು. ನಾವು ‘ಪೊಲೀಸರು ಬಂದಿದ್ದಾರೆ’ ಎನ್ನುವಂತೆ ಅವರದ್ದೂ ಆರ್. ಭೂತಕಾಲದಲ್ಲಿ ಈ ಗೊಡವೆಯೇ ಇಲ್ಲ ಎಂದದ್ದು ಮುಕ್ಕಾಲು ನಿಜ. ವಾಸ್, ವರ್ ಜೋಡಿ ನಿಮ್ಮ ಕಣ್ಣು ತಪ್ಪಿಸಿಕೊಂಡಿದೆ. ‘ಹಿ ಡಸ್ ನಾಟ್ ಗೋಸ್’, ‘ಹಿ ಕ್ಯಾನ್ ಗೋಸ್’ ಎರಡನ್ನೂ ಒಂದೇ ತಪ್ಪೆಂದು ಸೇರಿಸಿದ್ದೀರಿ. ಮೊದಲನೆಯದರಲ್ಲಿ ಎಸ್ ಆಗಲೇ ಡಸ್ ಜೊತೆ ಹೋಗಿದೆ, ಮತ್ತೆ ಬೇಡ. ಎರಡನೆಯದರಲ್ಲಿ ಕ್ಯಾನ್ ಅದನ್ನು ತಾನೂ ತೊಡುವುದಿಲ್ಲ, ಹಿಂದೆ ಬರುವವನಿಗೂ ತೊಡಲು ಬಿಡುವುದಿಲ್ಲ. ಬೇರೆ ಬೇರೆ ಹೇಳಿ.

ಇಂಗ್ಲಿಷ್ ಕ್ರಿಯಾಪದದ ಇತಿಹಾಸಕ್ಕೆ ಎರಡು ಪುಟ ಹೋಗಿದೆ. 1611ರ ಬೈಬಲ್ ಅನುವಾದದಲ್ಲಿ ಗೋಸ್ ಇರಬೇಕಾದಲ್ಲಿ ಗೋಎತ್ ಇದೆ ಎಂಬ ಒಂದು ವಾಕ್ಯ ಉಳಿಸಿಕೊಳ್ಳಿ, ಚೆನ್ನಾಗಿದೆ, ಉಳಿದದ್ದನ್ನು ಕತ್ತರಿಸಿ. ದಿ ಟೀಮ್ ಈಸ್ ಸರಿಯೋ ಆರ್ ಸರಿಯೋ ಎಂಬ ಚರ್ಚೆಗೆ ಒಂದು ಸಾಲು ಧಾರಾಳ: ಅಮೆರಿಕದವರು ಹೆಚ್ಚಾಗಿ ಈಸ್ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ಎರಡೂ ನಡೆಯುತ್ತವೆ.

ಅಪ್ಪನಿಂದ ಲೇಖನ ಶುರು ಮಾಡಿ. ಆ ದಿನ ತರಗತಿಯಲ್ಲಿ ಏನಾಯಿತು, ಬೈದವರು ಕಾರಣ ಹೇಳಿದರೇ ಎಂಬುದನ್ನೂ ಬರೆಯಿರಿ. ಕೋಷ್ಟಕ ಬೇಕೆಂದರೆ ಕೊನೆಯಲ್ಲಿರಲಿ, ಅರ್ಧ ಪುಟ ಮೀರದಂತೆ.

ಪತ್ರದ ಕೊನೆಯಲ್ಲಿ ‘ಇನ್ನೂ ಎರಡು ಲೇಖನಗಳು ಸಿದ್ಧವಾಗಿದೆ’ ಎಂದಿದ್ದೀರಿ. ಅವು ಸಿದ್ಧವಾಗಿವೆ ಎಂದಾದ ಮೇಲೆ ಕಳುಹಿಸಿ.

ಇಂತಿ,
ಸಂಪಾದಕ