ಹ್ಯಾಮ್ ಪರೀಕ್ಷೆ ಈಗ ಕಟ್ಟಬೇಕೆ? ಸುರಪುರದ ತಮ್ಮನಿಗೆ ಉತ್ತರ

ತಮ್ಮಾ, ನೀನು ಕೇಳಿದ್ದು ಇಷ್ಟು: "ಕಾಕಾ, ಹ್ಯಾಮ್ ರೇಡಿಯೊ ಪರವಾನಗಿಗೆ ಓದುತ್ತಿದ್ದೇನೆ. ತರಂಗಾಂತರವನ್ನೆಲ್ಲ ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಕೊಳ್ಳುತ್ತಿವೆ, ಇನ್ನು ಐದು ವರ್ಷದಲ್ಲಿ ಹವ್ಯಾಸಿಗಳಿಗೆ ಏನೂ ಉಳಿಯುವುದಿಲ್ಲ ಎಂದು ಕಾಲೇಜಿನ ಹಿರಿಯರೊಬ್ಬರು ಹೇಳಿದರು. ದುಡ್ಡು, ಸಮಯ ಹಾಕಲೋ ಬೇಡವೋ?" ಅದರ ಕೆಳಗೆ ಗುಂಪಿನಲ್ಲಿ ಮೂರು ನಾಲ್ಕು ಜನ "ಬಿಟ್ಟುಬಿಡು" ಎಂದು ಬರೆದಿದ್ದಾರೆ. ಅದನ್ನು ಓದಿ ನನಗೆ ಸಂಕಟವಾಯಿತು. ಪರೀಕ್ಷೆ ಕಟ್ಟು ತಮ್ಮಾ. ಯಾಕೆ ಎನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವ ನಮ್ಮಂಥ ಹ್ಯಾಮ್‌ಗಳಿಗಿರುವ ಬ್ಯಾಂಡುಗಳೆಲ್ಲ, ಅಂದರೆ ತರಂಗಾಂತರದ ಪಟ್ಟಿಗಳೆಲ್ಲ, ಒಂದೇ ತರಹದ ಆಸ್ತಿಯಲ್ಲ. ಕೆಲವು ಪಹಣಿಯಲ್ಲಿ ನಮ್ಮ ಹೆಸರೇ ಇರುವ ಹೊಲ. ಕೆಲವು ಬೇರೆಯವರ ಹೊಲದ ಬದುವಿನ ಮೇಲೆ ನಡೆದು ಹೋಗಲು ಕೊಟ್ಟ ದಾರಿ. ಮಾಲೀಕನಿಗೆ ತೊಂದರೆಯಾದರೆ ನಾವೇ ಸರಿಯಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಭಾಷೆಯಲ್ಲಿ ಮೊದಲನೆಯದು ಪ್ರಾಥಮಿಕ ಹಂಚಿಕೆ, ಎರಡನೆಯದು ದ್ವಿತೀಯ ಹಂಚಿಕೆ. 7.0ರಿಂದ 7.1, 14.0ರಿಂದ 14.25, 21.0ರಿಂದ 21.45, 28.0ರಿಂದ 29.7, 144ರಿಂದ 146 ಮೆಗಾಹರ್ಟ್ಸ್, ಇವೆಲ್ಲ ಜಗತ್ತಿನಾದ್ಯಂತ ಹವ್ಯಾಸಿಗಳ ಪ್ರಾಥಮಿಕ ಹಂಚಿಕೆಗಳು. ನಮ್ಮ ದೇಶದಲ್ಲಿ ಬಳಸುವ 434ರಿಂದ 438 ಮೆಗಾಹರ್ಟ್ಸ್ ಬದುವಿನ ದಾರಿ. ನಿನ್ನ ಹಿರಿಯರು ಹೇಳಿದ ಹರಾಜು ಸುಳ್ಳಲ್ಲ, ಆದರೆ ಅದು ನಡೆಯುವ ಜಾಗವೇ ಬೇರೆ. 2022ರಲ್ಲಿ ನಮ್ಮಲ್ಲಿ 5ಜಿಗೆ ಮಾರಿದ್ದರಲ್ಲಿ 3300 ಮೆಗಾಹರ್ಟ್ಸ್ ಬ್ಯಾಂಡು ಮುಖ್ಯವಾದದ್ದು. ಅಮೆರಿಕದಲ್ಲಿ ಅದೇ ಬ್ಯಾಂಡಿನ ಆಸುಪಾಸಿನಲ್ಲಿ ಹವ್ಯಾಸಿಗಳಿಗೆ ದ್ವಿತೀಯ ಹಕ್ಕಿತ್ತು. 2020ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಅದು ನಿಜವಾದ ನಷ್ಟ. ಆದರೆ ಅದೇ ಕಾರಣಕ್ಕೆ 7 ಮೆಗಾಹರ್ಟ್ಸ್ ಕೂಡ ಹೋಗುತ್ತದೆ ಎನ್ನುವುದು, ಊರ ಮುಂದಿನ ಗಾಂವಠಾಣಾ ಜಾಗ ಹೋಯಿತು ಎಂದು ನಿನ್ನ ಹೊಲವನ್ನು ಬಿತ್ತದೆ ಬಿಟ್ಟ ಹಾಗೆ. 7 ಮೆಗಾಹರ್ಟ್ಸ್‌ನ ಆಂಟೆನಾ ಇಪ್ಪತ್ತು ಮೀಟರ್ ಉದ್ದ ಬೇಕು. ಅದನ್ನು ಯಾವ ಮೊಬೈಲ್ ಕಂಪನಿ ಜೇಬಿನ ಫೋನಿನಲ್ಲಿ ತುರುಕುತ್ತದೆ?

ಪ್ರಾಥಮಿಕ ಬ್ಯಾಂಡಿನ ಮೇಲೆ ಯಾರೂ ಕಣ್ಣು ಹಾಕುವುದಿಲ್ಲ ಎಂದಲ್ಲ. 2019ರಲ್ಲಿ 144ರಿಂದ 146ನ್ನು ವಿಮಾನ ಸೇವೆಗೂ ಪರಿಶೀಲಿಸೋಣ ಎಂಬ ಪ್ರಸ್ತಾವವನ್ನು ಫ್ರಾನ್ಸ್ ಯುರೋಪಿನ ಸಭೆಯ ಮುಂದೆ ಇಟ್ಟಿತು. ಹವ್ಯಾಸಿ ಸಂಘಗಳು ಆ ಬ್ಯಾಂಡಿನಲ್ಲಿ ಏನೇನು ನಡೆಯುತ್ತದೆ ಎಂದು ಸರಕಾರಗಳಿಗೆ ಬರೆದು ತೋರಿಸಿದವು, ಪ್ರಸ್ತಾವ ಕೆಲವೇ ತಿಂಗಳಲ್ಲಿ ಬಿದ್ದುಹೋಯಿತು. ಯಾವ ಬ್ಯಾಂಡು ಯಾರಿಗೆ ಎಂದು ದೇಶಗಳೆಲ್ಲ ಸೇರಿ ತೀರ್ಮಾನಿಸುವುದು ಆ ಒಕ್ಕೂಟದ ವಿಶ್ವ ರೇಡಿಯೊ ಸಮ್ಮೇಳನದಲ್ಲಿ. 2023ರ ದುಬೈ ಸಮ್ಮೇಳನದಲ್ಲಿ 1240ರಿಂದ 1300 ಮೆಗಾಹರ್ಟ್ಸ್ ಚರ್ಚೆಗೆ ಬಂತು. ದಾರಿ ತೋರಿಸುವ ಉಪಗ್ರಹಗಳ ಸಂಕೇತಗಳಿಗೆ ನಮ್ಮಿಂದ ಅಡ್ಡಿಯಾಗಬಾರದು ಎಂಬುದು ಅಲ್ಲಿನ ಆತಂಕ. ಬ್ಯಾಂಡು ಉಳಿಯಿತು, ಯಾವ ಭಾಗದಲ್ಲಿ ಎಷ್ಟು ಶಕ್ತಿ ಬಳಸಬೇಕು ಎಂಬ ಮಾರ್ಗಸೂಚಿ ಜೊತೆಗೆ ಬಂತು. ಮುಂದಿನ ಸಮ್ಮೇಳನ 2027ರಲ್ಲಿ ಶಾಂಘೈನಲ್ಲಿ.

ಇನ್ನು ನಮಗೆ ಬಂದದ್ದರ ಲೆಕ್ಕವನ್ನೂ ಹಿಡಿ. 1979ರ ಸಮ್ಮೇಳನ 10, 18, 24 ಮೆಗಾಹರ್ಟ್ಸ್ ಬ್ಯಾಂಡುಗಳನ್ನು ಕೊಟ್ಟಿತು. 7.1ರಿಂದ 7.2ರಲ್ಲಿ ಕೂತಿದ್ದ ಪ್ರಸಾರ ಕೇಂದ್ರಗಳನ್ನು 2009ರ ಮಾರ್ಚ್‌ನಲ್ಲಿ ಎಬ್ಬಿಸಿ ಆ ಜಾಗವನ್ನು ಹವ್ಯಾಸಿಗಳಿಗೆ ಬಿಟ್ಟರು. ಹಿಂದಕ್ಕೆ ಹೋದರೆ ಇನ್ನೂ ಸೊಗಸಾದ ಕಥೆಯಿದೆ. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಕಡಿಮೆ ತರಂಗಾಂತರಕ್ಕೆ ತಳ್ಳಿತು. ಅದು ದೂರಕ್ಕೆ ಹೋಗದ, ಕೆಲಸಕ್ಕೆ ಬಾರದ ಜಾಗ ಎಂಬುದು ಆಗಿನ ತಿಳಿವಳಿಕೆ. ಹವ್ಯಾಸಿಗಳು ಅಲ್ಲೇ ಕೂತು ಪ್ರಯತ್ನಿಸಿದರು. 1923ರ ನವೆಂಬರ್‌ನಲ್ಲಿ ಸುಮಾರು 100 ಮೀಟರಿನಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಈಚೆ ಮಾತಾಯಿತು. ಆಮೇಲೆ ದೊಡ್ಡ ಕಂಪನಿಗಳೆಲ್ಲ ಅದೇ ಕಿರುತರಂಗಗಳಿಗೆ ಮುಗಿಬಿದ್ದವು. 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ನಮ್ಮ ಪಾಲು ಒಪ್ಪಂದದಲ್ಲಿ ದಾಖಲಾಗಿ ಉಳಿದದ್ದು ಈ ಕೆಲಸ ಕಣ್ಣಿಗೆ ಕಾಣುವಂತಿದ್ದುದರಿಂದ.

ನನ್ನ ಭಯ ಬೇರೆಯದು, ಅದನ್ನು ಬಿಚ್ಚಿ ಹೇಳುತ್ತೇನೆ. ಯಾವ ಸಮ್ಮೇಳನವೂ ಕಸಿಯದೆ ನಮ್ಮ ಬ್ಯಾಂಡುಗಳು ನಮ್ಮ ಮಾಳಿಗೆಯ ಮೇಲೆಯೇ ಸಾಯುತ್ತಿವೆ. ಹದಿನೈದು ವರ್ಷದ ಹಿಂದೆ ಸಂಜೆ ಹೊತ್ತು 7 ಮೆಗಾಹರ್ಟ್ಸ್ ತಿರುಗಿಸಿದರೆ ಹಿಂಬದಿಯಲ್ಲಿ ಬರೀ ಆಕಾಶದ ಸಣ್ಣ ಸುಯ್ ಎನ್ನುವ ಸದ್ದು. ಈಗ ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್, ಎಲ್ಲ ಸೇರಿ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಂಯ್ ಎನ್ನುತ್ತವೆ. ಕಲಬುರಗಿಯ ನನ್ನ ಬಡಾವಣೆಯಲ್ಲಿ ಬೀದರಿನ ಗೆಳೆಯನ ದನಿ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಇದಕ್ಕೆ ಪರಿಹಾರ ನಿನ್ನ ಕೈಯಲ್ಲಿದೆ. ಬ್ಯಾಟರಿ ರೇಡಿಯೊವನ್ನು ಮಧ್ಯಮ ತರಂಗದಲ್ಲಿ ಯಾವ ಕೇಂದ್ರವೂ ಇಲ್ಲದ ಕಡೆ ಇಟ್ಟು, ಮನೆಯ ಮೇನ್ ಸ್ವಿಚ್ ತೆಗೆ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಆಮೇಲೆ ಒಂದೊಂದೇ ಎಂಸಿಬಿ ಹಾಕುತ್ತ ಬಂದರೆ ಸಿಕ್ಕಿಬೀಳುತ್ತಾನೆ. ನನ್ನ ಮನೆಯಲ್ಲಿ ಸಿಕ್ಕಿದ್ದು ದೇವರ ಕೋಣೆಯ ಒಂದು ದೀಪದ ಮಾಲೆ. ತಂತಿಗೆ ಫೆರೈಟ್ ಉಂಗುರ ಹಾಕಿದರೆ ಅರ್ಧ ಗದ್ದಲ ಇಳಿಯುತ್ತದೆ. ನೀನು ಊರ ಹೊರಗಿನ ಹೊಲದ ಮನೆಯವನಾದರೆ ನನಗಿಂತ ಪುಣ್ಯವಂತ.

ಇನ್ನೊಂದು ಸಾವು ಮೌನದಿಂದ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ 145 ಮೆಗಾಹರ್ಟ್ಸ್ ಎಷ್ಟೋ ದಿನ ಖಾಲಿ ಬಿದ್ದಿರುತ್ತದೆ. ಖಾಲಿ ಬಿದ್ದದ್ದನ್ನು ಉಳಿಸಿಕೊಡಿ ಎಂದು ಯಾವ ಬಾಯಿಂದ ಕೇಳುವುದು? ಕೇಳಬೇಕಾದ ಕಾರಣವಂತೂ ನಮ್ಮ ಭಾಗದಲ್ಲಿ ಬೇಕಾದಷ್ಟಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಭೂಕಂಪದಲ್ಲಿ ಕಿಲ್ಲಾರಿ ಕುಸಿದಾಗ ಕಲಬುರಗಿ, ಬೀದರಿನ ಪಾತ್ರೆಗಳೂ ಗಡಗಡ ಎಂದಿದ್ದವು. ಆಗ ಲಾತೂರಿಗೆ ಹೋಗಿ ಸಂಪರ್ಕ ಕಟ್ಟಿದವರಲ್ಲಿ ಹವ್ಯಾಸಿಗಳೂ ಇದ್ದರು. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ನಡುಕಕ್ಕೆ ಹೆದರಿ ಬಯಲಲ್ಲಿ ಮಲಗಿದರು. 2020ರ ಅಕ್ಟೋಬರಿನಲ್ಲಿ ಭೀಮೆ ಏರಿದಾಗ ನಮ್ಮ ಅತ್ತೆಯ ಊರಲ್ಲಿ ಕರೆಂಟ್ ಹೋಗಿ, ಮರುದಿನ ಮೊಬೈಲ್ ಟವರ್ ಕೂಡ ಸತ್ತಿತು. ಅವರು ಜೀವಂತವಿದ್ದಾರೆ ಎಂಬ ಸುದ್ದಿ ನಮಗೆ ಮೂರನೆಯ ದಿನ ತಲುಪಿತು. ಆ ಊರಲ್ಲಿ ಒಂದು ಸೆಟ್ಟು, ಒಂದು ಟ್ರ್ಯಾಕ್ಟರ್ ಬ್ಯಾಟರಿ, ಇಪ್ಪತ್ತು ಮೀಟರ್ ತಂತಿ ಇದ್ದಿದ್ದರೆ ಸಾಕಿತ್ತು. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರು ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡದೊಂದಿಗೆ ಅಂಡಮಾನಿನಲ್ಲಿದ್ದರು. ದೂರದ ಹವ್ಯಾಸಿಗಳೊಡನೆ ಹರಟಲು ಒಯ್ದ ಸೆಟ್ಟಿನಿಂದಲೇ ದ್ವೀಪದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದರು.

ಈಗ ಕೆಲಸದ ಮಾತು. ಹನ್ನೆರಡು ವರ್ಷ ತುಂಬಿದವರು ಯಾರೂ ಪರೀಕ್ಷೆ ಬರೆಯಬಹುದು. ಸೀಮಿತ ದರ್ಜೆಗೆ ಮೋರ್ಸ್, ಅಂದರೆ ಚುಕ್ಕೆ ಗೆರೆಗಳ ಸಂಕೇತ, ಬೇಕಿಲ್ಲ. ರೇಡಿಯೊ ತತ್ವ ಮತ್ತು ನಿಯಮಗಳ ಪ್ರಶ್ನೆಗಳಷ್ಟೇ. ಸಾಮಾನ್ಯ ದರ್ಜೆಗೆ ನಿಮಿಷಕ್ಕೆ ಎಂಟು ಪದದ ಮೋರ್ಸ್ ಸೇರುತ್ತದೆ. ಮೊದಲು ಸೀಮಿತ ದರ್ಜೆ ಪಡೆ. ಅದರಲ್ಲೂ 7 ಮೆಗಾಹರ್ಟ್ಸ್‌ನಲ್ಲಿ ಮಾತಾಡಬಹುದು. ಅರ್ಜಿಯನ್ನು ಕೇಂದ್ರ ಸರಕಾರದ ಸರಳ್ ಸಂಚಾರ್ ಜಾಲತಾಣದಲ್ಲಿ ಹಾಕಬೇಕು. ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಬೇಸರ ಮಾಡಿಕೊಳ್ಳಬೇಡ. ಪರವಾನಗಿ ಕೈಗೆ ಬರುವ ಮೊದಲು ಅಗ್ಗದ ಚೀನಾ ಹ್ಯಾಂಡ್‌ಸೆಟ್ ತರಿಸಿ ಅದರ ಮಾತಾಡುವ ಗುಂಡಿ (ಪಿಟಿಟಿ) ಒತ್ತಬೇಡ. ಅದು ನಮ್ಮ ಬ್ಯಾಂಡಿನಾಚೆಗೂ ಪ್ರಸಾರ ಮಾಡುತ್ತದೆ, ಆ ಜಾಗಗಳಲ್ಲಿ ಪೊಲೀಸರೂ ಇರುತ್ತಾರೆ. ಒಬ್ಬ ಹುಡುಗನ ಆಟ ನಮ್ಮೆಲ್ಲರ ಹೆಸರಿಗೆ ಮಸಿ ಬಳಿಯುತ್ತದೆ.

ಆ ತನಕ ಕೇಳು. ಕಂಪ್ಯೂಟರಿಗೆ ಚುಚ್ಚಿದರೆ ಅದನ್ನೇ ಕೇಳುವ ರೇಡಿಯೊ ಮಾಡುವ ಎಸ್‌ಡಿಆರ್ ಡಾಂಗಲ್ ಒಂದು ಸಾಕು. 145.800 ಮೆಗಾಹರ್ಟ್ಸ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಆಗಾಗ ಚಿತ್ರಗಳನ್ನು ಕಳಿಸುತ್ತದೆ. ಅರ್ಧ ಮೀಟರ್ ತಂತಿಯಲ್ಲೇ ಹಿಡಿಯಬಹುದು. 2005ರಲ್ಲಿ ಇಸ್ರೊ ಹವ್ಯಾಸಿಗಳಿಗೆಂದೇ ಹ್ಯಾಮ್‌ಸ್ಯಾಟ್ ಹಾರಿಸಿತ್ತು, ಅದು 2014ರ ತನಕ ದುಡಿಯಿತು. ಈಗ ಕತಾರಿನ ಎಸ್‌ಹೈಲ್-2 ಉಪಗ್ರಹದ ಮೇಲೆ ಹವ್ಯಾಸಿಗಳಿಗೂ ಜಾಗವಿದೆ, ಅದು ಭೂಸ್ಥಿರ, ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ಡಿಶ್ ಒಂದನ್ನು ಪಶ್ಚಿಮಕ್ಕೆ ತಿರುಗಿಸಿದರೆ 10 ಗಿಗಾಹರ್ಟ್ಸ್‌ನಲ್ಲಿ ಹಗಲಿರುಳು ಕೇಳುತ್ತದೆ. ಹವ್ಯಾಸ ಮುಗಿಯಿತು ಎನ್ನುವವರಿಗೆ ಒಮ್ಮೆ ಇದನ್ನು ಕೇಳಿಸು.

ಆಂಟೆನಾಕ್ಕೆ ಸಾವಿರಾರು ರೂಪಾಯಿ ಬೇಡ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸು, ಅರ್ಧ ತರಂಗದ ಡೈಪೋಲಿನ, ಅಂದರೆ ನಡುವಿನಿಂದ ಎರಡು ಕಡೆ ಚಾಚಿದ ತಂತಿ ಆಂಟೆನಾದ, ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ ಸುಮಾರು ಇಪ್ಪತ್ತು ಮೀಟರ್, ಎರಡು ಕಡೆ ಹತ್ತು ಹತ್ತು. ಮನೆ ವೈರಿಂಗಿನ ತಾಮ್ರದ ತಂತಿಯನ್ನೇ ಬಳಸು, ಪ್ರತಿ ಕಡೆ ಒಂದು ಗೇಣು ಹೆಚ್ಚು ಬಿಟ್ಟು ಆಂಟೆನಾದಿಂದ ಎಷ್ಟು ಶಕ್ತಿ ಮರಳಿ ಬರುತ್ತದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ನೋಡುತ್ತ ಕತ್ತರಿಸುತ್ತ ಬಾ. ನಡುವನ್ನು ಏಳೆಂಟು ಮೀಟರ್ ಕಂಬಕ್ಕೆ ಏರಿಸಿ, ತುದಿಗಳನ್ನು ನೈಲಾನ್ ಹಗ್ಗದಿಂದ ಬೇವಿನ ಮರಕ್ಕೆ ಇಳಿಜಾರಾಗಿ ಕಟ್ಟು. ಇನ್ನೂ ಎತ್ತರ ಬೇಕು ಎಂದು ಜನ ಹೇಳುತ್ತಾರೆ, ಕೇಳಬೇಡ. ತಗ್ಗಿನ ತಂತಿಯಿಂದ ಅಲೆ ನೆಟ್ಟಗೆ ಮೇಲೆ ಹೋಗಿ, ವಾತಾವರಣದ ಮೇಲಿನ ಪದರಕ್ಕೆ ತಾಗಿ, ಹಗಲಲ್ಲಿ ಮುನ್ನೂರು ನಾನೂರು ಕಿಲೋಮೀಟರ್ ಸುತ್ತ ಮಳೆಯಂತೆ ಇಳಿಯುತ್ತದೆ. ನೆರೆ ಬಂದಾಗ ನಮಗೆ ಬೇಕಾದದ್ದು ಅದೇ. ತಂತಿ ಎಲ್ಲೂ ಕರೆಂಟ್ ಲೈನಿನ ಹತ್ತಿರ ಸುಳಿಯಬಾರದು. ಅರ್ಥಿಂಗ್ ವಿಷಯದಲ್ಲಿ ನಿನ್ನ ಎರೆಮಣ್ಣು ಮಳೆಗಾಲದಲ್ಲಿ ಬಂಗಾರ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಸರಳನ್ನೇ ಬಿಡುತ್ತದೆ. ಏಪ್ರಿಲ್ ಮೇನಲ್ಲಿ ವಾರಕ್ಕೊಮ್ಮೆ ಬುಡಕ್ಕೆ ಎರಡು ಕೊಡ ನೀರು ಹಾಕು. ಬೀದರಿನ ಜಂಬಿಟ್ಟಿಗೆ ನೆಲದವರು ಸರಳನ್ನು ಆಳಕ್ಕೆ ಇಳಿಸಲೇಬೇಕು. ಮುಂಗಾರಿಗೆ ಮುಂಚಿನ ಗುಡುಗು ಕೇಳಿದೊಡನೆ ಕೇಬಲ್ ಕಿತ್ತು ಕಿಟಕಿಯ ಹೊರಗೆ ಬಿಡು. ಹಾಗೆ ಕೀಳದೆ ಬಿಟ್ಟು ನನ್ನ ಒಂದು ಸೆಟ್ಟು ಸಿಡಿಲಿಗೆ ಸುಟ್ಟಿದೆ.

145 ಮೆಗಾಹರ್ಟ್ಸ್ ಎತ್ತರದ ಆಟ. ಎರಡೂ ಕಡೆ ಹತ್ತು ಮೀಟರ್ ಆಂಟೆನಾ ಇದ್ದರೆ ಬಯಲಲ್ಲಿ ಸುಮಾರು 26 ಕಿಲೋಮೀಟರ್ ಸಿಗುತ್ತದೆ. ಒಂದು ತುದಿ ನೂರು ಮೀಟರ್ ಗುಡ್ಡದ ಮೇಲಿದ್ದರೆ 54 ಆಗುತ್ತದೆ. ಶಹಾಪುರದ ಗುಡ್ಡದ ಸಾಲಿನ ಪಕ್ಕದಲ್ಲೇ ಇದ್ದೀಯ, ರಜೆಯ ದಿನ ಹತ್ತಿ ಪ್ರಯತ್ನಿಸು.

ನಾನು ಭಾನುವಾರ ಬೆಳಗ್ಗೆ ಎಂಟರಿಂದ ಒಂಬತ್ತರ ತನಕ 7 ಮೆಗಾಹರ್ಟ್ಸ್‌ನಲ್ಲಿ ಕೂತಿರುತ್ತೇನೆ. ಡಾಂಗಲ್ ಬಂದ ಮೇಲೆ ನನ್ನ ದನಿ ಎಷ್ಟು ಸ್ಪಷ್ಟ, ಹಿಂದಿನ ಗದ್ದಲ ಎಷ್ಟು ಎಂದು ಇಲ್ಲೇ ಬರೆ. ಸುರಪುರದಲ್ಲಿ ನಾನು ಹೇಗೆ ಕೇಳಿಸುತ್ತೇನೆ ಎಂದು ಇಲ್ಲಿಯತನಕ ಯಾರೂ ನನಗೆ ಹೇಳಿಲ್ಲ.