ಲೈನ್ ಮನೆಗಳಿಗೆ ಹೂಬಳ್ಳಿಯ ಮರೆ ಬೇಡ

ಮೈಸೂರಿನ ಓದುಗರೊಬ್ಬರು, ವೃತ್ತಿಯಲ್ಲಿ ಉದ್ಯಾನ ವಿನ್ಯಾಸಕರು, ಮುನ್ನಾರ್‌ಗೆ ಹೋಗಿಬಂದು ದೀರ್ಘ ಪತ್ರ ಬರೆದಿದ್ದಾರೆ. ಚಹಾ ತೋಟಗಳನ್ನು ಸಾಂಸ್ಕೃತಿಕ ಪ್ರವಾಸಕ್ಕೆ ಒಗ್ಗುವಂತೆ ಹೊಸದಾಗಿ ರೂಪಿಸಬೇಕು, ಚೀನಾದ ಜಿಂಗ್‌ಮಾಯ್ ಬೆಟ್ಟವನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು ಎನ್ನುತ್ತಾರೆ. ಜೊತೆಗೆ, ತೋಟದ ಕೂಲಿಗಾರರು ವಾಸಿಸುವ ಸಾಲುಮನೆಗಳ ಬಗ್ಗೆ ಒಂದು ದೂರು: "ಕಾರ್ಮಿಕರ ಲೈನ್ ಮನೆಗಳೂ ಅವುಗಳ ಮುಂದೆ ಒಣಹಾಕಿದ ಬಟ್ಟೆಗಳೂ ಇಡೀ ನೋಟವನ್ನೇ ಕೆಡಿಸುತ್ತವೆ. ಹೂಬಳ್ಳಿ ಹಬ್ಬಿಸಿ ಮರೆಮಾಡಬಾರದೇ?"

ಸಂಪಾದಕರ ಉತ್ತರ:

ನಿಮ್ಮ ಕಣ್ಣು ಚುರುಕು ಸ್ವಾಮಿ. ಸಿಲ್ವರ್ ಓಕ್ ನೆರಳು ಇಳಿಜಾರಿನ ಮೇಲೆ ಬೀಳುವ ಬಗೆಯನ್ನು ನೀವು ಬಣ್ಣಿಸಿದ ಭಾಗವನ್ನು ಎರಡು ಸಲ ಓದಿದೆ. ಕಾಲುದಾರಿ, ಶೌಚಾಲಯ, ಗಾಡಿ ನಿಲ್ಲಿಸಲು ಜಾಗ ಬೇಕೆಂಬುದು ಸರಿಯೇ. ಚಹಾಕ್ಕೆ ಬೆಲೆ ಬಿದ್ದ ವರ್ಷ ಪ್ರವಾಸಿಗರ ದುಡ್ಡು ತೋಟದ ಕೈಹಿಡಿಯಲೂಬಹುದು. ಹೂಬಳ್ಳಿಯ ಮಾತನ್ನು ಮಾತ್ರ ಒಪ್ಪಲಾರೆ.

ನೀವು ಮೆಚ್ಚಿದ ಹಸಿರು ತಾನಾಗಿ ಬೆಳೆದದ್ದಲ್ಲ. ಶೋಲಾ ಕಾಡು, ಹುಲ್ಲುಗಾವಲು ತೆಗೆದು ಬ್ರಿಟಿಷರ ಕಾಲದಲ್ಲಿ ನೆಟ್ಟದ್ದು. ಬಿಟ್ಟರೆ ಚಹಾ ಗಿಡ ಮರವಾಗಿಬಿಡುತ್ತದೆ. ಅದು ಸೊಂಟದೆತ್ತರದಲ್ಲಿ ಮಟ್ಟಸವಾಗಿ ನಿಂತಿರುವುದು, ತಮಿಳುನಾಡಿನ ಒಣಸೀಮೆಯಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಚಿಗುರು ಕೀಳುತ್ತ, ಗಿಡ ಸವರುತ್ತ ಇರುವುದರಿಂದ. ಆ ಕೈಗಳು ರಾತ್ರಿ ಮಲಗುವ ಮನೆ ನೋಟಕ್ಕೆ ಅಡ್ಡಿಯಾಗುವುದು ಹೇಗೆ?

ನೀಲಗಿರಿಯ ತೋಟವೊಂದರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಜಿನುಗುಮಳೆ. ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡ ಹೆಂಗಸರು ತಲೆಯ ಮೇಲೆ ಎಲೆಮೂಟೆ ಹೊತ್ತು ತೂಕಕ್ಕೆ ಸಾಲು ನಿಂತಿದ್ದರು. ಎಲೆ ಒದ್ದೆಯಾಗಿದೆಯೆಂದು ತೂಕದವನು ಪ್ರತಿ ಮೂಟೆಯಲ್ಲೂ ಒಂದಿಷ್ಟು ಕಳೆದು ಬರೆದುಕೊಂಡ. ಯಾರೂ ತುಟಿ ಬಿಚ್ಚಲಿಲ್ಲ. ರಸ್ತೆ ಬದಿಯಲ್ಲಿ ನಮ್ಮ ಬೆಂಗಳೂರಿನ ಒಂದು ಗುಂಪು ಬಾಡಿಗೆ ಬುಟ್ಟಿ ಬೆನ್ನಿಗೇರಿಸಿಕೊಂಡು ಗಿಡಗಳ ಮಧ್ಯೆ ನುಗ್ಗಿ ಫೋಟೊ ತೆಗೆಸಿಕೊಳ್ಳುತ್ತಿತ್ತು. ತಿರುಗಿ ಆ ಸಾಲಿನ ಕಡೆ ನೋಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಜಿಂಗ್‌ಮಾಯ್ ಹೆಸರೆತ್ತಿದ್ದೀರಿ, ಸಂತೋಷ. ಯುನಾನ್ ಪ್ರಾಂತ್ಯದ ಆ ಬೆಟ್ಟ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದರೆ ಪಟ್ಟಿ ಸೇರಿದ್ದು ಬರೀ ಗಿಡಗಳಲ್ಲ. ದೊಡ್ಡ ಮರಗಳ ಅಡಿಯಲ್ಲಿ ಚಹಾ ಬೆಳೆಯುವ ಬ್ಲಾಂಗ್ ಮತ್ತು ದಾಯ್ ಜನರ ಹಳ್ಳಿಗಳು, ಚಹಾದ ಮೂಲಪುರುಷನಿಗೆ ಅವರು ಸಲ್ಲಿಸುವ ಪೂಜೆ, ತೋಟ ತೋಟಗಳ ನಡುವೆ ಅವರು ಉಳಿಸಿಕೊಂಡ ಕಾಡು, ಎಲ್ಲ ಸೇರಿಯೇ ಅದು ಪರಂಪರೆ. ಮನೆಗಳಿಗೆ ಮರೆ ಕಟ್ಟಿದ್ದರೆ ಅಲ್ಲಿ ನೋಡಲು ಅರ್ಧವೂ ಉಳಿಯುತ್ತಿರಲಿಲ್ಲ.

ನೀವು ವರಯಾಡು ಎಂಬ ಕಾಡುಮೇಕೆ ನೋಡಲು ಹೋದ ರಾಜಮಲೆಯಿಂದ ಮುಂದಕ್ಕೆ ಪೆಟ್ಟಿಮುಡಿ ಇದೆ. 2020ರ ಆಗಸ್ಟ್ 6ರ ರಾತ್ರಿ ಗುಡ್ಡ ಕುಸಿದು ಅಲ್ಲಿನ ಲೈನ್ ಮನೆಗಳ ಮೇಲೆ ಬಿತ್ತು. 70 ಜನ ಸತ್ತರು. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಭೂಕುಸಿತಕ್ಕೆ ತೋಟದ ಪಾಡಿಗಳೂ, ಅಂದರೆ ಅಲ್ಲಿನ ಲೈನ್ ಮನೆಗಳೂ, ಕೊಚ್ಚಿಹೋದವು. ವಿನ್ಯಾಸದ ಮೊದಲ ಪ್ರಶ್ನೆ ಇಲ್ಲಿದೆ: ಹಳ್ಳದ ದಾರಿ ಯಾವುದು, ಯಾವ ಇಳಿಜಾರನ್ನು ಮುಟ್ಟಬಾರದು, ಜನ ಎಲ್ಲಿ ಮಲಗಬೇಕು. ನೋಟದ ಕಟ್ಟೆ ಆಮೇಲೆ.

ಸಂಸ್ಕೃತಿ ಎಂದೂ ಬರೆದಿದ್ದೀರಿ. 2015ರಲ್ಲಿ ಮುನ್ನಾರ್‌ನ ಚಹಾ ತೋಟಗಳ ಸಾವಿರಾರು ಹೆಂಗಸರು 'ಪೆಂಬಿಳೈ ಒರುಮೈ' (ಹೆಂಗಸರ ಒಗ್ಗಟ್ಟು) ಎಂದು ಒಂದಾಗಿ, ಯೂನಿಯನ್ ಮುಖಂಡರನ್ನೂ ದೂರವಿಟ್ಟು, ರಸ್ತೆಗೆ ಕೂತು ಶೇ 20ರ ಬೋನಸ್ ಪಡೆದರು. ಆ ಊರಿನ ಸಂಸ್ಕೃತಿಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ನನಗೆ ಗೊತ್ತಿಲ್ಲ. ಪ್ರವಾಸಿಗೆ ಇದನ್ನು ಯಾರು ಹೇಳುತ್ತಾರೆ?

ನಮ್ಮ ಮಲೆನಾಡಿನಲ್ಲೂ ಇದೇ ಕಥೆ. ರೆಸಾರ್ಟ್‌ಗೆ ಹೊಸ ರಸ್ತೆ ಬರುತ್ತದೆ, ಲೈನ್ ಮನೆಯ ಸೋರುವ ಶೀಟು ಹಾಗೇ ಇರುತ್ತದೆ. ಸಂಜೆ ಬೆಂಕಿ ಹಾಕಿ, ಯಾವುದೋ ಕುಣಿತ ಕರೆಸಿ, ಅದನ್ನೇ ಸಂಸ್ಕೃತಿ ಅನ್ನುತ್ತಾರೆ. ಪಶ್ಚಿಮ ಬಂಗಾಳ 2019ರಲ್ಲಿ ಚಹಾ ತೋಟದ ಶೇ 15ರಷ್ಟು ಜಾಗವನ್ನು, 150 ಎಕರೆ ಮಿತಿಯಲ್ಲಿ, ಪ್ರವಾಸೋದ್ಯಮ ಮತ್ತಿತರ ವ್ಯವಹಾರಕ್ಕೆ ಬಳಸಲು ಒಪ್ಪಿತು. ಜಾಗದ ಲೆಕ್ಕ ಇಷ್ಟು ನಿಖರವಾಗಿ ಬರೆಯಬಲ್ಲವರು, ಬಂದ ಲಾಭದಲ್ಲಿ ಚಿಗುರು ಕೀಳುವವಳ ಪಾಲನ್ನೂ ಅಷ್ಟೇ ನಿಖರವಾಗಿ ಬರೆಯಲಿ.

ಚಿಕ್ಕಮಗಳೂರಿನ ಗೆಳೆಯರ ತೋಟಕ್ಕೆ ನಕ್ಷೆ ಮಾಡುತ್ತಿದ್ದೇನೆ ಎಂದಿದ್ದೀರಿ. ಮೊದಲು ಅಲ್ಲಿನ ಕಾರ್ಮಿಕರೊಂದಿಗೆ ಕೂತು ಮಾತಾಡಿ. ಮೊದಲ ಹಾಳೆಯಲ್ಲಿ ಅವರ ಮನೆ, ನೀರು, ಹಳ್ಳ, ಗುಡಿ ಗುರುತಿಸಿ ಕಳಿಸಿ. ಎರಡು ಪುಟ ನಿಮಗಾಗಿ ಮೀಸಲಿಡುತ್ತೇನೆ.